ಹಳೆಯ ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ಬಣ್ಣ: ಕಾರ್ಖಾನೆಯ ಗುರುತು ಅಳಿಸದೆ ಮಾಡುವ ವಿಧಾನ

ಗಿಟಾರ್‌ನ ಬಣ್ಣ ಹೋದರೆ ಮತ್ತೆ ಹೊಡೆಯಬಹುದು. ನೆಕ್‌ನ, ಅಂದರೆ ಬೆರಳಿಟ್ಟು ನುಡಿಸುವ ಉದ್ದನೆಯ ಭಾಗದ, ಬುಡದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದ ತಾರೀಕು ಅಳಿಸಿದರೆ ಅದು ಹೋದ ಹಾಗೇ. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಇದೊಂದೇ ಮಾತಿನಿಂದ ಹುಟ್ಟಿವೆ. ಫಿನಿಶ್ ಕನ್ನಡಿಯಂತೆ ಹೊಳೆಯಬೇಕು ಅನ್ನುವ ಆಸೆಗೂ ಗುರುತು ಉಳಿಯಬೇಕು ಅನ್ನುವ ಹಟಕ್ಕೂ ಜಗಳ ಬಿದ್ದಾಗ ಗುರುತನ್ನೇ ಗೆಲ್ಲಿಸಿ.

ಉದಾಹರಣೆಗೆ ಅಮೆರಿಕದ ಫೆಂಡರ್ ಕಂಪನಿಯ, 1970ರ ದಶಕದ ಕೊನೆಯ ಸ್ಟ್ರಾಟೊಕ್ಯಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಇಟ್ಟುಕೊಂಡಿದ್ದೇನೆ. ಇದರಲ್ಲಿ ನೆಕ್ ಮತ್ತು ಬಾಡಿ ಸ್ಕ್ರೂಗಳಿಂದ ಸೇರಿರುತ್ತವೆ, ಹಾಗಾಗಿ ಬೇರೆ ಬೇರೆ ಮಾಡಿಕೊಂಡು ಕೆಲಸ ಮಾಡಬಹುದು. ಬಾಡಿಯ ಮೇಲೆ ದಪ್ಪ ಪಾಲಿಯೆಸ್ಟರ್ ಫಿನಿಶ್ ಇರುತ್ತದೆ. ಒಳಗೆ ಅಲ್ಲಲ್ಲಿ ಗುರುತುಗಳಿರುತ್ತವೆ. ಹಳೆಯ ಜಪಾನಿ ಗಿಟಾರ್‌ಗಳಿಗೂ, ಫೆಂಡರ್‌ನದೇ ಅಗ್ಗದ ಬ್ರಾಂಡ್ ಸ್ಕ್ವಯರ್‌ನಂಥವಕ್ಕೂ ಹೆಚ್ಚುಕಡಿಮೆ ಇದೇ ದಾರಿ. ಇನ್ನೊಂದು ಅಮೆರಿಕನ್ ಕಂಪನಿ ಗಿಬ್ಸನ್‌ನ ವಿಷಯ ಸ್ವಲ್ಪ ಬೇರೆ, ಅದನ್ನು ಮಧ್ಯದಲ್ಲಿ ಹೇಳುತ್ತೇನೆ.

ಮೊದಲು: ಬಣ್ಣ ಹೊಡೆಯಲೇಬೇಕಾ?

ನಿಮ್ಮ ಕೈಯಲ್ಲಿರುವುದು 1968ಕ್ಕಿಂತ ಹಿಂದಿನ ಫೆಂಡರ್, ಅದರ ಮೇಲೆ ಮೂಲ ಬಣ್ಣವೇ ಇದೆ ಅಂದರೆ ಇಲ್ಲಿಗೇ ನಿಲ್ಲಿಸಿ. ಬಣ್ಣ ಎಷ್ಟೇ ಕಿತ್ತಿರಲಿ, ಬಿರುಕು ಬಿಟ್ಟಿರಲಿ, ಮುಟ್ಟಬೇಡಿ. ಹಳೆಯ ಗಿಟಾರ್‌ಗೆ ಮತ್ತೆ ಬಣ್ಣ ಹೊಡೆದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಸಂಗ್ರಾಹಕರ ನಡುವೆ ಬಹಳ ಕಾಲದಿಂದ ಇರುವ ಲೆಕ್ಕ. ಬೆಲೆಯ ಮಾತು ಬಿಟ್ಟರೂ, ಸವೆದ ಬಣ್ಣವೂ ಒಂದು ಗುರುತೇ ಅಲ್ವಾ?

ಹಿಂದೆ ಯಾರೋ ಕೆಟ್ಟದಾಗಿ ಬಣ್ಣ ಹೊಡೆದಿದ್ದರೆ, ಪಾಲಿಯೆಸ್ಟರ್ ಚಕ್ಕೆಚಕ್ಕೆಯಾಗಿ ಎದ್ದಿದ್ದರೆ, ಮರ ಬೆತ್ತಲಾಗಿ ಬೆವರು ಕುಡಿಯುತ್ತಿದ್ದರೆ ಮುಂದುವರಿಯಿರಿ.

ಗುರುತುಗಳು ಎಲ್ಲೆಲ್ಲಿರುತ್ತವೆ

ಹೆಡ್‌ಸ್ಟಾಕ್, ಅಂದರೆ ನೆಕ್‌ನ ತುದಿಯ ತಲೆ, ಅದರ ಮೇಲಿನ ಹೆಸರು ಎಲ್ಲರಿಗೂ ಕಾಣುತ್ತದೆ. ಉಳಿದವು ಬಿಚ್ಚಿದರೆ ಮಾತ್ರ ಕಾಣುತ್ತವೆ. ಬಿಚ್ಚುವ ಮೊದಲೇ ಎಲ್ಲಿ ಹುಡುಕಬೇಕು ಅಂತ ಗೊತ್ತಿದ್ದರೆ ಕೈತಪ್ಪಿ ಅಳಿಸುವುದು ತಪ್ಪುತ್ತದೆ.

ಸೀರಿಯಲ್ ನಂಬರ್: 1950ರ ದಶಕದ ಮಧ್ಯದಿಂದ 1976ರವರೆಗೆ ಫೆಂಡರ್ ಇದನ್ನು ಹಿಂಬದಿಯ ನೆಕ್ ಪ್ಲೇಟ್ ಮೇಲೆ ಒತ್ತುತ್ತಿತ್ತು. 1976ರಿಂದ ಅದು ಹೆಡ್‌ಸ್ಟಾಕ್‌ನ ಡೆಕಾಲ್‌ಗೆ, ಅಂದರೆ ಅಚ್ಚು ಹಾಕಿ ಅಂಟಿಸುವ ತೆಳು ಪೊರೆಗೆ, ಹೋಯಿತು. 'ಎಸ್' ಅಕ್ಷರ ಎಪ್ಪತ್ತರ ದಶಕವನ್ನು ಸೂಚಿಸುತ್ತದೆ, ಅದರ ಮುಂದಿನ ಅಂಕಿ ವರ್ಷವನ್ನು. 'ಇ' ಇದ್ದರೆ ಎಂಬತ್ತರ ದಶಕ. ಆದರೆ ಮುದ್ರಿಸಿಟ್ಟ ಡೆಕಾಲ್‌ಗಳು ಖಾಲಿಯಾಗುವ ತನಕ ಬಳಸುತ್ತಿದ್ದರು, ಹಾಗಾಗಿ ವರ್ಷ ಒಂದೆರಡು ಆಚೀಚೆ ಆಗುತ್ತದೆ. ಒಳಗಿನ ಗುರುತುಗಳಿಗೆ ಇಷ್ಟು ಬೆಲೆ ಬರುವುದು ಇದಕ್ಕೇ. ಸೀರಿಯಲ್ ನಂಬರ್ ಹೇಳದ್ದನ್ನು ಅವು ಹೇಳುತ್ತವೆ.

ನೆಕ್‌ನ ಬುಡ: ಬಾಡಿಯೊಳಗೆ ಕೂರುವ ಭಾಗ ಇದು. 1960ರ ದಶಕದ ಆರಂಭದವರೆಗೆ ಇಲ್ಲಿ ಪೆನ್ಸಿಲ್ ಬರಹ ಇರುತ್ತಿತ್ತು, ಆಮೇಲೆ ರಬ್ಬರ್ ಸ್ಟ್ಯಾಂಪ್ ಬಂತು. 1950ರ ದಶಕದ ಕೆಲವು ನೆಕ್‌ಗಳ ಮೇಲೆ 'ಟಿಜಿ' ಅನ್ನುವ ಅಕ್ಷರಗಳಿವೆ. ಅದು ನೆಕ್‌ಗಳಿಗೆ ಆಕಾರ ಕೊಡುತ್ತಿದ್ದ ಟೇಡಿಯೋ ಗೋಮೆಜ್ ಅವರ ಸಹಿ. 1960ರ ದಶಕದ ಸ್ಟ್ಯಾಂಪ್‌ನಲ್ಲಿ '2 ಮಾರ್ಚ್ 65 ಬಿ' ಅಂತಿದ್ದರೆ ಮಾರ್ಚ್ 2ನೇ ತಾರೀಕು ಅಂತ ಓದಬೇಡಿ. ಆ 2 ಮಾಡೆಲ್‌ನ ಸಂಕೇತ. ಕೊನೆಯ 'ಬಿ' ಮರದ ದರ್ಜೆಯೂ ಅಲ್ಲ. ಅದು ನಟ್, ಅಂದರೆ ಹೆಡ್‌ಸ್ಟಾಕ್ ಪಕ್ಕ ತಂತಿಗಳು ಹಾಯುವ ಪಟ್ಟಿ, ಇರುವ ಕಡೆ ನೆಕ್‌ನ ಅಗಲ, ಒಂದೂ ಐದು ಎಂಟಾಂಶ ಇಂಚು. ಎಪ್ಪತ್ತರ ದಶಕಕ್ಕೆ ಬಂದರೆ ಉದ್ದನೆಯ ಅಂಕಿಗಳ ಸಾಲು ಸಿಗುತ್ತದೆ.

ನೆಕ್ ಪಾಕೆಟ್ ಮತ್ತು ಬಾಡಿಯ ಗುಂಡಿಗಳು: ಪಾಕೆಟ್ ಅಂದರೆ ಬಾಡಿಯಲ್ಲಿ ನೆಕ್ ಕೂರುವ ತಗ್ಗು, ಗುಂಡಿ ಅಂದರೆ ವೈರಿಂಗ್‌ನಂಥ ಬಿಡಿಭಾಗಗಳಿಗೆ ಕೊರೆದ ಜಾಗ. ತಾರೀಕು, ತಪಾಸಣೆ ಮಾಡಿದವರ ಸ್ಟ್ಯಾಂಪ್, ಸ್ಟಿಕರ್ ಇಲ್ಲಿರುತ್ತವೆ. 1950ರ ದಶಕದ ಸ್ಟ್ರಾಟ್‌ಗಳ ಗುಂಡಿಯಲ್ಲಿ ಮಾಸ್ಕಿಂಗ್ ಟೇಪ್‌ನ ಚೂರು ಅಂಟಿಸಿ, ವೈರಿಂಗ್ ಮಾಡಿದ ಹೆಂಗಸು ತನ್ನ ಹೆಸರು ಬರೆಯುತ್ತಿದ್ದುದೂ ಉಂಟು. ಮೇರಿ, ಗ್ಲೋರಿಯಾ ಅನ್ನುವ ಹೆಸರುಗಳು ಹಾಗೆ ಉಳಿದು ಬಂದಿವೆ. ಬರೀ ಕಾಗದದ ಟೇಪು ಅದು. ಒಂದು ಹನಿ ಥಿನ್ನರ್ ಬಿದ್ದರೂ ಹೆಸರು ಹರಡಿಹೋಗುತ್ತದೆ.

ಪಿಕಪ್‌ನ ತಳ: ತಂತಿಯ ಕಂಪನವನ್ನು ಹಿಡಿಯುವ, ಸಣ್ಣ ವೈರ್ ಸುತ್ತಿದ ಭಾಗ ಪಿಕಪ್. 1956ರಲ್ಲಿ ಫೆಂಡರ್ ಸೇರಿದ ಅಬಿಗೈಲ್ ಇಬಾರಾ ಅವರಂಥವರು ತಾವು ಸುತ್ತಿದ ಪಿಕಪ್‌ಗಳ ತಳದಲ್ಲಿ ಇನಿಷಿಯಲ್ ಹಾಕುತ್ತಿದ್ದರು, ಜೊತೆಗೆ ತಾರೀಕನ್ನೂ ಬರೆಯುತ್ತಿದ್ದರು.

ಪಾಟ್‌ಗಳು: ವಾಲ್ಯೂಮ್ ಮತ್ತು ಟೋನ್ ನಾಬ್‌ಗಳ ಅಡಿಯಲ್ಲಿರುವ ಪಾಟ್‌ಗಳ ಹಿಂಬದಿಯಲ್ಲಿ ಅಂಕಿಗಳಿರುತ್ತವೆ. 304 ಅಂತ ಶುರುವಾದರೆ ಸ್ಟ್ಯಾಕ್‌ಪೋಲ್ ಕಂಪನಿ, 137 ಆದರೆ ಸಿಟಿಎಸ್. 3046610 ಅಂತಿದ್ದರೆ ಸ್ಟ್ಯಾಕ್‌ಪೋಲ್, 1966ರ 10ನೇ ವಾರ. ಪಾಟ್‌ನ ಬೆನ್ನಿನ ಮೇಲಿರುವ ಕಾರ್ಖಾನೆಯ ಬೆಸುಗೆಯೂ ಒಂದು ಗುರುತೇ. ಅದನ್ನು ಕರಗಿಸಿ ಮತ್ತೆ ಹಾಕಿದರೆ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ.

ಮೊಳೆ ತೂತುಗಳು: 1960ರ ದಶಕದ ಮೊದಲರ್ಧದವರೆಗೆ ಫೆಂಡರ್ ಬಾಡಿಗಳನ್ನು ಮೂರ್ನಾಲ್ಕು ಮೊಳೆಗಳ ಮೇಲೆ ಕೂರಿಸಿ ಬಣ್ಣ ಹೊಡೆದು ಒಣಗಿಸುತ್ತಿದ್ದರು. ಆಮೇಲೆ ಮೊಳೆ ಕೀಳುತ್ತಿದ್ದರು. ಹಾಗಾಗಿ ಪಿಕ್‌ಗಾರ್ಡ್, ಅಂದರೆ ಬಾಡಿಯ ಮುಖದ ಪ್ಲಾಸ್ಟಿಕ್ ತಟ್ಟೆ, ಅದರ ಅಡಿಯ ಆ ಪುಟ್ಟ ತೂತುಗಳ ಒಳಗೆ ಬಣ್ಣ ಇಳಿದಿರುವುದಿಲ್ಲ. ಇಂಥ ತೂತು ಕಂಡರೆ ಪುಟ್ಟಿ ತುಂಬಿ ಮುಚ್ಚಬೇಡಿ.

ಗಿಬ್ಸನ್ ಇದ್ದರೆ

ಇಲ್ಲಿ ಗುರುತು ಹೆಡ್‌ಸ್ಟಾಕ್‌ನ ಹಿಂಬದಿಯಲ್ಲಿದೆ. 1950ರ ದಶಕದ ಸಾಲಿಡ್ ಬಾಡಿ (ಒಳಗೆ ಟೊಳ್ಳಿಲ್ಲದ) ಗಿಟಾರ್‌ಗಳಲ್ಲಿ ಸೀರಿಯಲ್ ನಂಬರ್ ಬರೀ ಶಾಯಿಯ ಮುದ್ರೆ. 1961ರಿಂದ ಮರಕ್ಕೇ ಒತ್ತಿ ಅಚ್ಚು ಹಾಕತೊಡಗಿದರು. 1977ರ ನಂತರ ಎಂಟು ಅಂಕಿ ಬಂತು. ಅದರಲ್ಲಿ ಮೊದಲನೆಯ ಮತ್ತು ಐದನೆಯ ಅಂಕಿ ಸೇರಿದರೆ ವರ್ಷ. ಎರಡರಿಂದ ನಾಲ್ಕನೆಯ ಅಂಕಿಗಳು ಆ ವರ್ಷದ ಎಷ್ಟನೇ ದಿನ ಅನ್ನುವುದನ್ನು ಹೇಳುತ್ತವೆ.

ಒತ್ತಿದ ಅಚ್ಚು ಗಟ್ಟಿ ಅಂತ ಅನ್ನಿಸಬಹುದು. ಆದರೆ ಅದರ ಆಳ ಬಹಳ ಕಡಿಮೆ. ನಾಲ್ಕು ಸಲ ಸ್ಯಾಂಡ್‌ಪೇಪರ್ ಎಳೆದರೆ ಮಸುಕಾಗುತ್ತದೆ. ದಪ್ಪ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಸುರಿದರೆ ಅಂಕಿಗಳ ಒಳಗೆ ತುಂಬಿಕೊಂಡು ಸಮವಾಗುತ್ತದೆ. ನನ್ನ ಮಾತು ಕೇಳುವುದಾದರೆ ಗಿಬ್ಸನ್ ಹೆಡ್‌ಸ್ಟಾಕ್‌ನ ಹಿಂಬದಿಗೆ ಕೈ ಹಾಕಲೇಬೇಡಿ. ಅಂಕಿಗಳಲ್ಲಿ ಕೊಳೆ ಕೂತಿದ್ದರೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಬೇಕಿದ್ದರೆ ಅದಕ್ಕೆ ಸ್ವಲ್ಪ ಲೈಟರ್ ದ್ರವ, ಅಂದರೆ ನ್ಯಾಫ್ತಾ, ತಾಗಿಸಿಕೊಳ್ಳಬಹುದು. ಶಾಯಿಯ ಮುದ್ರೆಯಾದರೆ ಅದೂ ಬೇಡ. ಒಣ ಬ್ರಷ್‌ನಿಂದ ಧೂಳು ಹೊಡೆದು ಸುಮ್ಮನಾಗಿ.

ದಾಖಲೆ ಮಾಡಿಕೊಳ್ಳುವುದು

ಇದಕ್ಕೆ ಒಂದು ಪೂರ್ತಿ ಸಂಜೆ ಇಟ್ಟುಕೊಳ್ಳಿ. ಪ್ರತಿ ಗುರುತಿಗೂ ಎರಡು ಫೋಟೊ ಬೇಕು. ಒಂದು ದೂರದಿಂದ, ಅದು ಎಲ್ಲಿದೆ ಅಂತ ಕಾಣುವ ಹಾಗೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮರಕ್ಕೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿ. ಒತ್ತಿದ ಅಚ್ಚು, ಡೆಕಾಲ್‌ನ ಅಂಚು, ಪೆನ್ಸಿಲ್ ಒತ್ತಿದ ಗೆರೆ ಎಲ್ಲ ಎದ್ದು ಕಾಣುತ್ತವೆ. ನೇರ ಬೆಳಕಿನಲ್ಲಿ ಇವು ಕಣ್ಣಿಗೆ ಬೀಳುವುದೇ ಇಲ್ಲ.

ನೋಟು ಪರೀಕ್ಷಿಸುವ ಯುವಿ ಟಾರ್ಚ್ ಕೂಡ ಒಂದಿರಲಿ, ದುಬಾರಿ ಏನಲ್ಲ. ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಅದರ ಬೆಳಕಿಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಆಮೇಲೆ ತೇಪೆ ಹಾಕಿದ ಜಾಗ ಬೇರೆ ಬಣ್ಣದಲ್ಲಿ ಕಾಣುತ್ತದೆ. ಯಾವ ಭಾಗ ಮೂಲದ್ದು, ಯಾವುದು ಅಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ.

ಪೆನ್ಸಿಲ್ ಗುರುತನ್ನು ಬೆರಳಿನಿಂದ ಸವರಬೇಡಿ. ಒದ್ದೆ ಬಟ್ಟೆ ಬೇಡ, ಊದಿದರೆ ಸಾಕು. ಟ್ರೇಸ್ ಮಾಡಬೇಕಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಮಾರ್ಕರ್‌ನಿಂದ ಬರೆಯಿರಿ, ಒತ್ತಬೇಡಿ.

ಬಿಚ್ಚುವುದು

ತಂತಿ ಸಡಿಲಿಸಿ ತೆಗೆಯಿರಿ. ನೆಕ್‌ನ ಸ್ಕ್ರೂ ಬಿಚ್ಚಿ. 1970ರ ದಶಕದ ಸ್ಟ್ರಾಟ್‌ಗಳಲ್ಲಿ ಮೂರೇ ಇರುತ್ತವೆ, ಗಾಬರಿ ಬೇಡ. ಪಾಕೆಟ್‌ನಲ್ಲಿ ತೆಳ್ಳನೆಯ ಕಾಗದದ ಅಥವಾ ರಟ್ಟಿನ ಚೂರು ಸಿಕ್ಕರೆ ಅದು ಕಸ ಅಲ್ಲ, ನೆಕ್‌ನ ಕೋನ ಸರಿಮಾಡಲು ಇಟ್ಟ ಶಿಮ್. ಅದನ್ನು ಯಾವ ಕಡೆಗೆ ಇಟ್ಟಿದ್ದರು ಅಂತ ಫೋಟೊ ತೆಗೆದು ಜೋಪಾನ ಮಾಡಿ. ಒಂದೊಂದು ಜಾಗದ ಸ್ಕ್ರೂಗಳನ್ನು ಒಂದೊಂದು ಚೀಟಿ ಅಂಟಿಸಿದ ಕವರ್‌ನಲ್ಲಿ ಹಾಕಿ.

ವೈರಿಂಗ್ ವಿಷಯದಲ್ಲಿ ಆತುರ ಬೇಡ. ಸ್ಟ್ರಾಟ್‌ನಲ್ಲಿ ಪಿಕಪ್, ಪಾಟ್, ಸ್ವಿಚ್ ಎಲ್ಲ ಪಿಕ್‌ಗಾರ್ಡ್‌ಗೇ ಕೂತಿರುತ್ತವೆ. ಅದನ್ನು ಇಡಿಯಾಗಿ ಎತ್ತಲು ಮೂರು ಬೆಸುಗೆ ಬಿಚ್ಚಿದರೆ ಸಾಕು: ಜ್ಯಾಕ್‌ಗೆ ಹೋಗುವ ಎರಡು ವೈರ್, ಹಿಂಬದಿಯ ಸ್ಪ್ರಿಂಗ್ ಕೊಕ್ಕೆಗೆ ಹೋಗುವ ಒಂದು ಅರ್ತ್ ವೈರ್. ಬಿಚ್ಚುವಾಗ ಜ್ಯಾಕ್ ಕಡೆಯ, ಕೊಕ್ಕೆ ಕಡೆಯ ತುದಿಯನ್ನೇ ಬಿಚ್ಚಿ. ಪಾಟ್‌ನ ಬೆನ್ನಿಗೆ ಸೋಲ್ಡರಿಂಗ್ ಐರನ್ ತಾಗಿಸಬೇಡಿ. ಕೊಕ್ಕೆಯ ಲೋಹ ದಪ್ಪ, ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಅದಕ್ಕೆ 60 ವ್ಯಾಟ್‌ನ ಐರನ್ ಬೇಕು. 25 ವ್ಯಾಟ್‌ನದ್ದು ಹಿಡಿದು ಐದು ನಿಮಿಷ ಕೂತರೆ ವೈರ್‌ನ ಪ್ಲಾಸ್ಟಿಕ್ ಕರಗುತ್ತದೆ ಅಷ್ಟೆ.

ಎತ್ತಿದ ಪಿಕ್‌ಗಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಕೋಣೆಯಲ್ಲಿಡಿ. ನೆಕ್ ಪ್ಲೇಟನ್ನು ಬ್ರಾಸೊ ಹಾಕಿ ತಿಕ್ಕಬೇಡಿ. ಕ್ರೋಮ್ ತೆಳ್ಳಗಾದರೆ ಅಂಕಿಗಳ ಅಂಚೂ ಮೊಂಡಾಗುತ್ತದೆ.

ಈಗಿರುವ ಫಿನಿಶ್ ಯಾವುದು?

ಪಿಕ್‌ಗಾರ್ಡ್ ಅಡಿಯಲ್ಲಿ ಯಾವ ಗುರುತೂ ಇಲ್ಲದ ಮೂಲೆ ಹುಡುಕಿ. ಇಯರ್ ಬಡ್‌ಗೆ ಒಂದು ಹನಿ ಅಸಿಟೋನ್ ತಾಗಿಸಿ ಅಲ್ಲಿ ಮುಟ್ಟಿಸಿ. ಅಂಟಂಟಾಗಿ ಮೆತ್ತಗಾದರೆ ಲ್ಯಾಕರ್. ಏನೂ ಆಗದಿದ್ದರೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಫೆಂಡರ್ ಸುಮಾರು 1968ರಲ್ಲಿ ಪಾಲಿಯೆಸ್ಟರ್‌ಗೆ ತಿರುಗಿತು. ಆದರೆ ಹೆಡ್‌ಸ್ಟಾಕ್‌ನ ಮುಖಕ್ಕೆ ಮಾತ್ರ ಆಮೇಲೂ ಹಲವು ವರ್ಷ ಲ್ಯಾಕರ್ ಹೊಡೆಯುತ್ತಿತ್ತು. ಡೆಕಾಲ್‌ಗೂ ಪಾಲಿಯೆಸ್ಟರ್‌ಗೂ ಹೊಂದುತ್ತಿರಲಿಲ್ಲ. ಎಪ್ಪತ್ತರ ದಶಕದ ಫೆಂಡರ್‌ಗಳಲ್ಲಿ ನೆಕ್ ಬೆಳ್ಳಗಿದ್ದು ಹೆಡ್‌ಸ್ಟಾಕ್ ಮುಖ ಹಳದಿಯಾಗಿ ಕಾಣುವುದು ಇದರಿಂದಲೇ. ಬಾಡಿ ಥಿನ್ನರ್‌ಗೆ ಜಗ್ಗಲಿಲ್ಲ ಅಂತ ಅದೇ ಬಟ್ಟೆಯಲ್ಲಿ ಹೆಡ್‌ಸ್ಟಾಕ್ ಒರೆಸಿದರೆ ಡೆಕಾಲ್ ಕಥೆ ಮುಗಿಯಿತು.

ಕೀಳಬೇಕೋ, ಮೇಲೆಯೇ ಹೊಡೆಯಬೇಕೋ?

ಇಡೀ ಕೆಲಸದಲ್ಲಿ ಮುಖ್ಯ ನಿರ್ಧಾರ ಇದು. ನನ್ನ ಅಭಿಪ್ರಾಯ ಸ್ಪಷ್ಟ: ಮರದ ಎಳೆ ಕಾಣುವ ಫಿನಿಶ್ ಬೇಕೇಬೇಕು ಅಂತಿಲ್ಲದಿದ್ದರೆ ಹಳೆಯ ಪಾಲಿಯೆಸ್ಟರನ್ನು ಕೀಳಬೇಡಿ. ಅದನ್ನು ಗೀಚಿ ಒರಟು ಮಾಡಿ ಅದರ ಮೇಲೆಯೇ ಹೊಸ ಬಣ್ಣ ಹೊಡೆಯಿರಿ. ಹಾಗೆ ಮಾಡಿದರೆ ಗುಂಡಿಗಳ ಹತ್ತಿರ ಬಿಸಿ ಗಾಳಿಯೂ ಹೋಗುವುದಿಲ್ಲ, ರಾಸಾಯನಿಕವೂ ಹೋಗುವುದಿಲ್ಲ. ಬಾಡಿಯ ಅಂಚು, ಕೈ ಒರಗುವ ಇಳಿಜಾರು ಇವುಗಳ ಆಕಾರ ಕಾರ್ಖಾನೆ ಕೊಟ್ಟ ಹಾಗೇ ಉಳಿಯುತ್ತದೆ. ಫೆಂಡರ್ ಕಾರ್ಖಾನೆಯೂ 1960ರ ದಶಕದಲ್ಲಿ ಎಷ್ಟೋ ಬಾಡಿಗಳಿಗೆ ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢವಾದ ಬಣ್ಣ) ಮೇಲೆಯೇ ಬೇರೆ ಬಣ್ಣ ಹೊಡೆದು ಕಳಿಸಿದೆ.

ಮಾಡುವುದು ಹೀಗೆ. ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ. ಆಮೇಲೆ ನ್ಯಾಫ್ತಾದಿಂದ ಎಣ್ಣೆ ಜಿಡ್ಡು ತೆಗೆಯಿರಿ. ಚಕ್ಕೆ ಎದ್ದು ತಗ್ಗಾದ ಜಾಗಗಳಿಗೆ ಕಾರಿನ ಪಾಲಿಯೆಸ್ಟರ್ ಪುಟ್ಟಿ ತುಂಬಿ. ಸಣ್ಣದಾದರೆ ಸೂಪರ್ ಗ್ಲೂ ಹನಿ ಹಾಕಿ ಗಟ್ಟಿಯಾದ ಮೇಲೆ ಸಮ ಮಾಡಿ. ನಂತರ 320 ನಂಬರ್, ಆಮೇಲೆ 400 ನಂಬರ್ ಪೇಪರ್‌ನಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ. ಚಪ್ಪಟೆ ಜಾಗದಲ್ಲಿ ಮರದ ಅಥವಾ ಕಾರ್ಕ್ ತುಂಡಿಗೆ ಪೇಪರ್ ಸುತ್ತಿಕೊಳ್ಳಿ. ಬರೀ ಬೆರಳಿನಿಂದ ಉಜ್ಜಿದರೆ ಅಲೆಅಲೆಯಾಗುತ್ತದೆ. ಎಲ್ಲಾದರೂ ಹೊಳೆಯುವ ಚುಕ್ಕೆ ಉಳಿದರೆ ಅಲ್ಲಿ ಹೊಸ ಬಣ್ಣ ಹಿಡಿಯುವುದಿಲ್ಲ.

ನೆಕ್ ಪಾಕೆಟ್‌ನ ಅಂಚಿನಲ್ಲಿ ಮಾತ್ರ ಪೇಪರನ್ನು ಹೊರಗಡೆಗೆ ಎಳೆಯಿರಿ, ಒಳಗಡೆಗೆ ತಳ್ಳಬೇಡಿ. ಆ ಅಂಚು ದುಂಡಗಾದರೆ ನೆಕ್ ಕೂತಾಗ ಸಂದು ಕಾಣುತ್ತದೆ.

ಕೀಳಲೇಬೇಕು ಅಂದರೆ ಹೀಟ್ ಗನ್ ಮತ್ತು ಪುಟ್ಟಿ ಬ್ಲೇಡ್. ಪಾಲಿಯೆಸ್ಟರ್‌ಗೆ ಪೇಂಟ್ ರಿಮೂವರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹರಿದು ಗುಂಡಿಯೊಳಗೆ ಹೋದರೆ ಶಾಯಿ ಸ್ಟ್ಯಾಂಪ್‌ಗಳನ್ನು ಮಾತ್ರ ಚೆನ್ನಾಗಿ ಅಳಿಸುತ್ತದೆ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರನ್ನು ಮನೆಬಳಕೆಗೆ ಮಾರುವುದನ್ನು ಅಮೆರಿಕ 2019ರಲ್ಲಿ ನಿಷೇಧಿಸಿತು. ಅದರ ಆವಿ ಪ್ರಾಣಕ್ಕೇ ಅಪಾಯ. ಹೀಟ್ ಗನ್ ಆದರೆ ಹಿಂಬದಿಯ ನಡುವಿನಿಂದ ಶುರುಮಾಡಿ. ಒಂದೇ ಕಡೆ ನಿಲ್ಲಿಸಬೇಡಿ, ಮರ ಸುಟ್ಟು ಕಪ್ಪಾಗುತ್ತದೆ, ತುಂಡುಗಳನ್ನು ಜೋಡಿಸಿದ ಗೋಂದೂ ಸಡಿಲಾಗಬಹುದು. ಫಿನಿಶ್ ಮೆತ್ತಗಾಗಿ ಉಬ್ಬಿದ ತಕ್ಷಣ ಬ್ಲೇಡನ್ನು ಮಲಗಿಸಿ ತಳ್ಳಿ. ನೆಕ್ ಪಾಕೆಟ್ ಮತ್ತು ಗುಂಡಿಗಳ ಸುತ್ತ ಒಂದೂವರೆ ಇಂಚು ಜಾಗ ಬಿಟ್ಟುಬಿಡಿ. ಅಷ್ಟು ಭಾಗವನ್ನು ಕೈಯಲ್ಲಿ ಪೇಪರ್ ಹಿಡಿದೇ ಮುಗಿಸಬೇಕು. ಬೇಸರ ಬರುವ ಕೆಲಸ, ಆದರೂ ಬೇರೆ ದಾರಿ ಇಲ್ಲ. ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಸಾಲದು.

1963ರ ಆಸುಪಾಸಿನಿಂದ ಫೆಂಡರ್ ಬಣ್ಣದ ಅಡಿಯಲ್ಲಿ ಫುಲ್ಲರ್‌ಪ್ಲಾಸ್ಟ್ ಅನ್ನುವ ಗಟ್ಟಿ ಸೀಲರ್ ಬಳಸಿತು. ಹಿಂದೆ ಯಾರೋ ಕೆಡಿಸಿದ ಅರವತ್ತರ ದಶಕದ ಬಾಡಿ ನಿಮ್ಮ ಕೈಗೆ ಬಂದು, ಬಣ್ಣ ಹೋದರೂ ಅದರಡಿಯ ಪದರ ಬಿಡದಿದ್ದರೆ ಅದು ಇದೇ ಇರಬಹುದು. ಅದನ್ನು ಉಜ್ಜಿ ಮರ ಕಾಣಿಸುವ ಹಟ ಮಾಡಬೇಡಿ. ಅದೇ ನಿಮಗೆ ತಯಾರಾದ ತಳಪಾಯ.

ಮುಚ್ಚುವುದು

ಮಾಸ್ಕಿಂಗ್ ಟೇಪನ್ನು ಗುರುತಿನ ಮೇಲೆ ನೇರವಾಗಿ ಎಂದೂ ಅಂಟಿಸಬೇಡಿ. ಕೀಳುವಾಗ ಪೆನ್ಸಿಲ್‌ನ ಪುಡಿ ಟೇಪಿನ ಜೊತೆಗೇ ಬರುತ್ತದೆ, ಹಳೆಯ ಸ್ಟಿಕರ್ ಹರಿದುಹೋಗುತ್ತದೆ. ಗುರುತಿಗಿಂತ ದೊಡ್ಡದಾಗಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಸುಮ್ನೆ ಹಾಸಿ. ಟೇಪು ಆ ಹಾಳೆಯ ಅಂಚಿಗೆ ಮಾತ್ರ ಇರಲಿ, ಅದೂ ಅಂಟು ಕಡಿಮೆ ಇರುವ ಬಗೆಯದು.

ಗುಂಡಿಗಳಿಗೆ ಮೊದಲು ಹೀಗೆ ಹಾಳೆ ಹಾಸಿ, ಮೇಲೆ ಸ್ಪಂಜು ತುಂಬಿ, ಬಾಯಿಗೆ ರಟ್ಟು ಕತ್ತರಿಸಿ ಮುಚ್ಚಿ. ಒಳಗೆ ಹೊಸ ಬಣ್ಣದ ಅಗತ್ಯವೇ ಇಲ್ಲ.

ನೆಕ್ ಪಾಕೆಟ್‌ಗೆ ಒಂದು ಒಳ್ಳೆಯ ಉಪಾಯ ಇದೆ. ಪಾಕೆಟ್‌ನಷ್ಟೇ ಅಗಲದ, ಒಂದೂವರೆ ಅಡಿ ಉದ್ದದ ಮರದ ಪಟ್ಟಿ ತೆಗೆದುಕೊಳ್ಳಿ. ಪಾಕೆಟ್‌ಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಪಟ್ಟಿಯನ್ನು ನೆಕ್‌ನ ಸ್ಕ್ರೂ ತೂತುಗಳಿಂದಲೇ ಬಿಗಿಯಿರಿ. ಪಾಕೆಟ್ ಮುಚ್ಚಿದ ಹಾಗೂ ಆಯಿತು, ಬಾಡಿ ಹಿಡಿದು ತಿರುಗಿಸಲು ಹಿಡಿಯೂ ಸಿಕ್ಕಿತು. ಅರವತ್ತರ ದಶಕದ ಆರಂಭದಿಂದ ಫೆಂಡರ್ ಕಾರ್ಖಾನೆಯಲ್ಲೂ ಹೀಗೇ ಪಾಕೆಟ್‌ಗೆ ಕೋಲು ಬಿಗಿದು ಬಣ್ಣ ಹೊಡೆಯುತ್ತಿದ್ದರು. ಆ ಕಾಲದ ಪಾಕೆಟ್‌ಗಳಲ್ಲಿ ಕೋಲಿನ ಆಕಾರದ ಬಣ್ಣವಿಲ್ಲದ ಜಾಗ ಕಾಣುತ್ತದೆ. ಅದೂ ಉಳಿಸಬೇಕಾದ ಗುರುತೇ. ಪಾಕೆಟ್ ಒಳಗೆ ಬಣ್ಣ ಬೀಳದಿರುವುದಕ್ಕೆ ಇನ್ನೊಂದು ಲಾಭವೂ ಇದೆ. ಅಲ್ಲಿ ಪದರ ದಪ್ಪವಾದರೆ ನೆಕ್ ಬಿಗಿಯಾಗಿ ಕೂತು, ಹೊಸ ಫಿನಿಶ್ ಮೂಲೆಯಲ್ಲಿ ಸೀಳುತ್ತದೆ.

ನೆಕ್ ಮತ್ತು ಡೆಕಾಲ್

ನೆಕ್‌ಗೆ ಏನೂ ಮಾಡಬೇಡಿ ಅನ್ನುವುದೇ ನನ್ನ ಮೊದಲ ಸಲಹೆ. ಸೀರಿಯಲ್ ನಂಬರ್ ಇರುವ ಡೆಕಾಲ್ ಅರ್ಧ ಸವೆದಿದ್ದರೂ ಅದೇ ಅಸಲಿ. ಮಾರುಕಟ್ಟೆಯಲ್ಲಿ ಸಿಗುವ ನಕಲಿ ಡೆಕಾಲ್ ಅಂಟಿಸಿದರೆ ಗಿಟಾರ್‌ನ ಮೇಲೆ ಇರುವ ನಂಬಿಕೆಯೇ ಹೋಗುತ್ತದೆ. ಮುಂದೆ ಕೊಳ್ಳುವವರು ಒಳಗಿನ ಅಸಲಿ ಸ್ಟ್ಯಾಂಪನ್ನೂ ಅನುಮಾನದಿಂದ ನೋಡುತ್ತಾರೆ.

ಫಿಂಗರ್‌ಬೋರ್ಡ್‌ನ ಮೇಪಲ್ ಸವೆದು ಬೂದಾಗಿದ್ದರೆ ಅಷ್ಟನ್ನು ಸರಿಮಾಡಬಹುದು. ನಟ್‌ನ ಗೆರೆಗೆ ಸರಿಯಾಗಿ ಹೆಡ್‌ಸ್ಟಾಕ್ ಪೂರ್ತಿ ಮುಚ್ಚಿ, ಬುಡವನ್ನೂ ಮುಚ್ಚಿ, ನಡುವಿನ ಭಾಗಕ್ಕೆ ಮಾತ್ರ ತೆಳ್ಳಗೆ ಕ್ಲಿಯರ್ ಹೊಡೆಯಿರಿ. ಹೊಸದು ಹಳೆಯದು ಕೂಡುವ ಗೆರೆ ನಟ್‌ನ ಪಕ್ಕ ಅಡಗುತ್ತದೆ.

ಡೆಕಾಲ್ ಅಂಚು ಎದ್ದು ಉದುರುತ್ತಿದ್ದರೆ ಮಾತ್ರ ಅದರ ಮೇಲೆ ಲ್ಯಾಕರ್ ಹಾಕಬೇಕಾಗುತ್ತದೆ. ಹಳೆಯ ಫೆಂಡರ್‌ಗಳಲ್ಲಿ ಡೆಕಾಲ್ ಫಿನಿಶ್‌ನ ಮೇಲೆಯೇ ಇದೆ, ಅದಕ್ಕೆ ಹೊದಿಕೆ ಇಲ್ಲ. ಓರೆ ಬೆಳಕಿನಲ್ಲಿ ಅದರ ಅಂಚು ಕಂಡರೆ ಖಾತ್ರಿ. ಇದಕ್ಕೆ ಹಸಿಯಾದ ಪದರ ಒಮ್ಮೆಲೇ ಬಿದ್ದರೆ ಥಿನ್ನರ್ ಡೆಕಾಲನ್ನು ಸುಕ್ಕುಗಟ್ಟಿಸುತ್ತದೆ. ಸ್ಪ್ರೇ ಗನ್ ದೂರ ಹಿಡಿದು, ಲ್ಯಾಕರ್ ಗಾಳಿಯಲ್ಲೇ ಅರ್ಧ ಒಣಗಿ ಬೀಳುವ ಹಾಗೆ ಹನಿಸಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ. ಹೀಗೆ ಮೂರ್ನಾಲ್ಕು ಸಲ ಆದ ಮೇಲೆ ಮರುದಿನ ಮಾಮೂಲಿ ತೆಳು ಪದರ ಹಾಕಬಹುದು. ಡೆಕಾಲ್ ಮೇಲೆ ಪೇಪರ್ ಮುಟ್ಟಿಸಬೇಡಿ. ಸ್ವಲ್ಪ ಒರಟಾಗಿ ಉಳಿದರೂ ಪರವಾಗಿಲ್ಲ.

ಬಣ್ಣ ಯಾವುದು, ಯಾವಾಗ?

ನಮ್ಮಲ್ಲಿ ಮರದ ಕೆಲಸಕ್ಕೆ ಎರಡು ಬಗೆ ಸುಲಭವಾಗಿ ಸಿಗುತ್ತವೆ. ಒಂದು ಎನ್‌ಸಿ ಲ್ಯಾಕರ್, ಅಂದರೆ ನೈಟ್ರೊಸೆಲ್ಯುಲೋಸ್. ಪೀಠೋಪಕರಣ ಪಾಲಿಶ್ ಮಾಡುವವರು ಇದನ್ನೇ ಡ್ಯೂಕೋ ಅಂತ ಕರೆಯುವುದುಂಟು. ಫೆಂಡರ್ ತನ್ನ ಕಸ್ಟಮ್ ಬಣ್ಣಗಳಿಗೆ ಬಳಸಿದ್ದು ಡ್ಯುಪಾಂಟ್ ಕಂಪನಿಯ ಡ್ಯೂಕೋ ಮತ್ತು ಲೂಸೈಟ್ ಅನ್ನುವ ಕಾರಿನ ಬಣ್ಣಗಳನ್ನೇ. ಇನ್ನೊಂದು ಬಗೆ ಎರಡು ಡಬ್ಬಿಯಲ್ಲಿ ಬಂದು ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್.

ಪಿಯು ಗಟ್ಟಿ, ಬೇಗ ಒಣಗುತ್ತದೆ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಬೇಡ, ಸರಿಯಾದ ಸ್ಪ್ರೇ ಬೂತ್ ಇರುವ ಕಡೆ ಮಾಡಿಸಿ. ಮನೆಯಲ್ಲಿ ಮಾಡುವವರಿಗೆ ಎನ್‌ಸಿ ಲ್ಯಾಕರೇ ಸರಿ. ಪ್ರತಿ ಪದರವೂ ಹಿಂದಿನದರಲ್ಲಿ ಕರಗಿ ಒಂದಾಗುತ್ತದೆ. ತಪ್ಪಾದರೆ ತಿದ್ದಬಹುದು. ಇದರ ಆವಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಹತ್ತಿರದಲ್ಲಿ ದೇವರ ದೀಪ, ಗ್ಯಾಸ್ ಒಲೆ, ಕಿಡಿ ಹಾರುವ ಹಳೆಯ ಫ್ಯಾನ್ ಯಾವುದೂ ಇರಬಾರದು.

ಬಣ್ಣ ಹೊಡೆಸಲು ಹೊರಗಿನ ಪಾಲಿಶ್‌ನವರಿಗೆ ಕೊಡುವುದಾದರೆ ಮಾಸ್ಕಿಂಗ್ ಎಲ್ಲ ನೀವೇ ಮುಗಿಸಿ ಕೊಡಿ. 'ಅಣ್ಣಾ, ಈ ಟೇಪು ಮಾತ್ರ ಬಿಚ್ಚಬೇಡಿ, ಒಳಗೆ ಕ್ಲೀನ್ ಮಾಡಬೇಡಿ' ಅಂತ ಬಾಯಿಬಿಟ್ಟು ಹೇಳಿ, ಬಾಡಿಯ ಮೇಲೂ ಬರೆದು ಅಂಟಿಸಿ. ಅವರ ಕಣ್ಣಿಗೆ ಒಳಗಿನ ಪೆನ್ಸಿಲ್ ಗೆರೆ ಕೊಳೆಯಾಗಿಯೇ ಕಾಣುತ್ತದೆ. ಒರೆಸಿ ಕೊಡುವುದು ಅವರ ಒಳ್ಳೆಯ ಮನಸ್ಸು, ಏನು ಮಾಡೋಣ.

ಹವೆ ನೋಡಿ ದಿನ ಆರಿಸಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎನ್‌ಸಿ ಲ್ಯಾಕರ್ ಒಣಗುವಾಗ ಹಾಲಿನ ಬಣ್ಣಕ್ಕೆ ಮಂಕಾಗುತ್ತದೆ. ಥಿನ್ನರ್ ವೇಗವಾಗಿ ಹಾರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಅಲ್ಲಿ ಕೂರುವುದೇ ಕಾರಣ. ಮಂಗಳೂರು, ಉಡುಪಿ, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಇಟ್ಟುಕೊಳ್ಳಬೇಡಿ. ಬೆಂಗಳೂರು, ಮೈಸೂರಿನಲ್ಲಿ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಬೆಳಗಿನ ಮಂಜು ಆರಿದ ಮೇಲೆ. ಮಂಕಾದರೆ ಹೆದರಬೇಡಿ. ಒಣ ದಿನ ನೋಡಿ ರಿಟಾರ್ಡರ್ ಥಿನ್ನರನ್ನು, ಅಂದರೆ ನಿಧಾನವಾಗಿ ಹಾರುವ ಥಿನ್ನರನ್ನು, ತೆಳ್ಳಗೆ ಹನಿಸಿದರೆ ಪದರ ಮತ್ತೆ ಮೆತ್ತಗಾಗಿ, ಒಳಗಿನ ನೀರು ಹೊರಬಂದು ತಿಳಿಯಾಗುತ್ತದೆ.

ಹೊಡೆಯುವುದು

ಮರ ಬೆತ್ತಲಾಗಿದ್ದರೆ ಮೊದಲು ಸೀಲರ್. ಆಲ್ಡರ್ ಮರಕ್ಕೆ ಅಷ್ಟು ಸಾಕು. ಆ್ಯಶ್ ಮರದ ಎಳೆ ತೆರೆದಿರುತ್ತದೆ, ಅದಕ್ಕೆ ಗ್ರೇನ್ ಫಿಲ್ಲರ್ ತುಂಬಲೇಬೇಕು. ಎಪ್ಪತ್ತರ ದಶಕದ ಸ್ಟ್ರಾಟ್‌ಗಳಲ್ಲಿ ಆ್ಯಶ್ ಬಹಳ ಇದೆ. ಸೀಲರ್ ಎರಡು ಮೂರು ಪದರ ಆದ ಮೇಲೆ 320ರಲ್ಲಿ ಸಮ ಮಾಡಿ. ಹಳೆಯ ಪಾಲಿಯೆಸ್ಟರ್ ಮೇಲೆ ಹೊಡೆಯುವವರು ಇದನ್ನೆಲ್ಲ ಬಿಟ್ಟು ನೇರ ಬಣ್ಣಕ್ಕೆ ಬನ್ನಿ.

ಲ್ಯಾಕರ್ ಮತ್ತು ಥಿನ್ನರ್ ಸಮಸಮ ಬೆರೆಸಿ. ಗನ್‌ನ ನಾಜಲ್ 1.3 ಅಥವಾ 1.4 ಮಿಲಿಮೀಟರ್, ದೂರ ಆರರಿಂದ ಎಂಟು ಇಂಚು. ಮೊದಲು ಅಂಚುಗಳಿಗೆ, ಕೊಂಬುಗಳ ಒಳಮೈಗೆ, ಆಮೇಲೆ ಮುಖಕ್ಕೆ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧಕ್ಕೆ ಬೀಳಬೇಕು. ಗನ್‌ನ ಟ್ರಿಗರ್ ಬಾಡಿಯಿಂದ ಹೊರಗೇ ಒತ್ತಿ ಹೊರಗೇ ಬಿಡಿ. ಬಣ್ಣ ಮೂರ್ನಾಲ್ಕು ಪದರ, ಕ್ಲಿಯರ್ ಆರರಿಂದ ಎಂಟು. ಎರಡು ಪದರಗಳ ನಡುವೆ ಒಂದೆರಡು ಗಂಟೆ ಬಿಡಿ. ದಿನಕ್ಕೆ ನಾಲ್ಕು ಪದರಕ್ಕಿಂತ ಜಾಸ್ತಿ ಬೇಡ. ಹರಿದು ಇಳಿದ ಗೆರೆ ಬಂದರೆ ಹಸಿಯಲ್ಲಿ ಒರೆಸಬೇಡಿ. ಎರಡು ದಿನ ಬಿಟ್ಟು ಮರದ ತುಂಡಿಗೆ ಸುತ್ತಿದ 400 ಪೇಪರ್‌ನಿಂದ ತೆಗೆಯಿರಿ.

ಕೊನೆಯ ಪದರ ಆದ ಒಂದೆರಡು ಗಂಟೆಯಲ್ಲಿ, ಪೂರ್ತಿ ಗಟ್ಟಿಯಾಗುವ ಮೊದಲು, ಮಾಸ್ಕಿಂಗ್ ಟೇಪನ್ನು ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿ ನಿಧಾನವಾಗಿ ತೆಗೆಯಿರಿ. ಅಂಚು ಹಲ್ಲುಹಲ್ಲಾಗಿ ಒಡೆಯುವುದು ತಪ್ಪುತ್ತದೆ. ಪಾಕೆಟ್‌ನ ಕೋಲು, ಗುಂಡಿಯ ಹಾಳೆ ಮಾತ್ರ ಹಾಗೇ ಇರಲಿ. ಮುಂದೆ ನೀರಿನ ಕೆಲಸ ಇದೆ.

ಒಣಗಿಸುವುದು, ಉಜ್ಜುವುದು

ಮೂರರಿಂದ ನಾಲ್ಕು ವಾರ ತೂಗುಹಾಕಿ ಬಿಡಿ. ಮೂಗು ಹತ್ತಿರ ಹಿಡಿದು ನೋಡಿ, ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ. ಅವಸರದಲ್ಲಿ ಪಾಲಿಶ್ ಮಾಡಿದರೆ ಆಮೇಲೆ ಲ್ಯಾಕರ್ ಕುಗ್ಗಿ ಮರದ ಎಳೆ ಮೇಲೆ ಏಳುತ್ತದೆ.

ಆಮೇಲೆ ವಾಟರ್ ಪೇಪರ್: 1000, 1500, 2000. ನೀರಿಗೆ ಒಂದೆರಡು ಹನಿ ಪಾತ್ರೆ ಸೋಪು ಹಾಕಿ. ಸ್ಕ್ರೂ ತೂತುಗಳೊಳಗೆ ನೀರು ಹೋದರೆ ಮರ ಉಬ್ಬಿ ಸುತ್ತಲಿನ ಲ್ಯಾಕರ್ ಒಡೆಯುತ್ತದೆ. ತೂತುಗಳ ಸುತ್ತ ನೀರಿನ ಬದಲು ನ್ಯಾಫ್ತಾ ಬಳಸಿ. ಅಂಚುಗಳಲ್ಲಿ ಪದರ ಎಲ್ಲಕ್ಕಿಂತ ತೆಳು, ಅಲ್ಲಿಗೆ 2000 ಮಾತ್ರ. ಕೊನೆಗೆ ಕಾರಿನವರು ಬಳಸುವ ರಬ್ಬಿಂಗ್ ಕಾಂಪೌಂಡ್, ಮೆತ್ತನೆಯ ಹತ್ತಿ ಬಟ್ಟೆ.

ಜೋಡಿಸುವುದು

ಈಗ ಗುಂಡಿಗಳ ಹಾಳೆ ತೆಗೆದು, ಮೊದಲು ತೆಗೆದ ಫೋಟೊ ಎದುರಿಗಿಟ್ಟುಕೊಂಡು ಪ್ರತಿ ಗುರುತನ್ನೂ ಹೋಲಿಸಿ ನೋಡಿ. ಹೊಸ ಫೋಟೊಗಳನ್ನೂ ತೆಗೆಯಿರಿ.

ಸ್ಕ್ರೂ ಹಾಕುವ ಮೊದಲು ಪ್ರತಿ ತೂತಿನ ಬಾಯಲ್ಲಿ ಲ್ಯಾಕರನ್ನು ಕೈಯಲ್ಲೇ ಡ್ರಿಲ್ ಬಿಟ್ ತಿರುಗಿಸಿ ಸ್ವಲ್ಪ ಬಿಡಿಸಿ. ಇಲ್ಲದಿದ್ದರೆ ಸ್ಕ್ರೂ ಇಳಿಯುವಾಗ ಚಕ್ಕೆ ಏಳುತ್ತದೆ. ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ಟಕ್ ಅಂತ ತೂತಿನೊಳಗಿನ ಹಳೆಯ ತಿರುಪಿನ ಗೆರೆಯಲ್ಲಿ ಕೂತಾಗ ಮುಂದಕ್ಕೆ ತಿರುಗಿಸಿ. ಶಿಮ್ ಇದ್ದ ಜಾಗಕ್ಕೇ ಹೋಗಲಿ. ಜ್ಯಾಕ್‌ನ ಎರಡು, ಕೊಕ್ಕೆಯ ಒಂದು ಬೆಸುಗೆ ಹಾಕಿ.

ಗುಂಯ್ ಶಬ್ದ ಕಡಿಮೆ ಮಾಡಲು ಗುಂಡಿಯೊಳಗೆ ಕಪ್ಪು ಶೀಲ್ಡಿಂಗ್ ಪೇಂಟ್ ಬಳಿಯುವ ಆಸೆ ಬರಬಹುದು. ಇಷ್ಟೆಲ್ಲ ಕಾಪಾಡಿದ ಗುರುತು ಅದರಡಿ ಮುಚ್ಚಿಹೋಗುತ್ತದೆ. ಪಿಕ್‌ಗಾರ್ಡ್‌ನ ಹಿಂಬದಿಗೆ ಫಾಯಿಲ್ ಹಚ್ಚಿ ಅಷ್ಟಕ್ಕೆ ತೃಪ್ತಿಪಡಿ.

ನೀವು ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಮೊದಲಿನ ಬಣ್ಣ ಯಾವುದು, ಕಿತ್ತಿರಾ ಮೇಲೆಯೇ ಹೊಡೆದಿರಾ, ಯಾವ ಲ್ಯಾಕರ್, ಯಾವ ತಿಂಗಳು. ಫೋಟೊಗಳ ಜೊತೆ ಅದನ್ನು ಗಿಟಾರ್ ಕೇಸ್‌ನಲ್ಲಿಡಿ. ಮರದ ಮೇಲೆ, ಹಳೆಯ ಸಹಿಗಳ ಪಕ್ಕದಲ್ಲಿ ನಿಮ್ಮದನ್ನು ಬರೆಯಬೇಡಿ. ಮಾರುವ ದಿನ ಬಂದರೆ ಆ ಹಾಳೆಯನ್ನು ಕೊಳ್ಳುವವರಿಗೆ ಮೊದಲೇ ತೋರಿಸಿ.

ಮೊದಲ ಎರಡು ತಿಂಗಳು ಗಿಟಾರನ್ನು ರಬ್ಬರ್ ಅಥವಾ ಫೋಮ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಬೇಡಿ. ಎನ್‌ಸಿ ಲ್ಯಾಕರ್ ರಬ್ಬರ್‌ನ ಜೊತೆ ಸೇರಿ ಕರಗಿ ಕಲೆಯಾಗುತ್ತದೆ. ಆಮೇಲೂ ಸ್ಟ್ಯಾಂಡ್‌ನ ತೋಳುಗಳಿಗೆ ದಪ್ಪ ಹತ್ತಿ ಬಟ್ಟೆ ಸುತ್ತಿರಲಿ. ಕೇಸ್‌ನೊಳಗೂ ಆಗಲೇ ಮುಚ್ಚಿಡಬೇಡಿ, ಒಳಗಿನ ಮಖಮಲ್ಲಿನ ಅಚ್ಚು ಹೊಸ ಫಿನಿಶ್ ಮೇಲೆ ಮೂಡುತ್ತದೆ. ಬಿಸಿಲು ಬೀಳದ ಗೋಡೆಯಲ್ಲಿ ಹೆಡ್‌ಸ್ಟಾಕ್‌ನಿಂದ ತೂಗುಹಾಕಿ, ಬೇಕಾದಾಗ ತೆಗೆದು ನುಡಿಸಿ.